ಅಕೌಸ್ಟಿಕ್ ಗಿಟಾರ್ ಟ್ರಸ್ ರಾಡ್ ಅಡ್ಜಸ್ಟ್ ಮಾಡೋದು ಹೆಂಗೆ: ಮೊದ್ಲು ಅಳೀರಿ, ಆಮೇಲೆ ಕೀ ಹಿಡೀರಿ

ಜುಲೈ ತಿಂಗಳು, ದಾವಣಗೆರೇಲಿ ಜಿಟಿಜಿಟಿ ಮಳೆ ಹಿಡ್ಕೊಂಡು ಮೂರು ದಿನ ಆಗಿತ್ತು, ನಮ್ಮ ಬೀದೀಲಿ ಇಂಜಿನಿಯರಿಂಗ್ ಓದೋ ಹುಡುಗ ಒಬ್ಬ ಗಿಟಾರ್ ಬ್ಯಾಗಿಗೆ ಗೊಬ್ಬರದ ಚೀಲ ಸುತ್ಕೊಂಡು ಮನೆಗೆ ಬಂದ, ಕೈಯಲ್ಲಿ ಅಲೆನ್ ಕೀ ಆಗ್ಲೇ ರೆಡಿ. "ಅಣ್ಣ, ತಂತಿ ಬಾಳ ಮ್ಯಾಲೆ ಎದ್ದಾವೆ, ಬಾರ್ ಕಾರ್ಡ್ ಹಿಡಿಯಾಕೇ ಆಗ್ತಿಲ್ಲ, ರಾಡ್ ಒಂದು ರೌಂಡ್ ಟೈಟ್ ಮಾಡ್ಕೊಡು" ಅಂದ. ಒಂದು ರೌಂಡ್ ಅಂತೆ! ನಾನು ಮೊದ್ಲು ಆ ಕೀ ಇಸ್ಕೊಂಡು ಕಿಟಕಿ ಮ್ಯಾಲೆ ಇಟ್ಟೆ, ಕೂತ್ಕೋ ಟೀ ಕುಡಿ ಅಂದೆ, ಯಾಕಂದ್ರೆ ಅದೇ ತಪ್ಪು ನಾನೂ ಮಾಡಿ ಕೈ ಸುಟ್ಕೊಂಡೋನು, ಆ ಕತೆ ಮುಂದೆ ಬರ್ತೈತೆ.

ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ. ಟ್ರಸ್ ರಾಡ್ ತಿರುವೋದು ಎರಡು ನಿಮಿಷದ ಕೆಲಸ, ತಿರುವ್ಬೇಕೋ ಬ್ಯಾಡ್ವೋ ಅಂತ ಗೊತ್ತು ಮಾಡ್ಕೊಳ್ಳೋದೇ ಅಸಲಿ ಕೆಲಸ, ಹಂಗಾಗಿ ಇದರಲ್ಲಿ ಮುಕ್ಕಾಲು ಭಾಗ ಅಳತೆ ಬಗ್ಗೇನೇ ಐತೆ, ಬೇಜಾರಾದ್ರೂ ಹಾರಿಸ್ಬ್ಯಾಡ್ರಿ.

ರಾಡ್ ಅಂದ್ರೆ ಏನು, ಯಾಕೈತೆ

ಸ್ಟೀಲ್ ತಂತಿ ಹಾಕಿದ ಗಿಟಾರ್ ಟ್ಯೂನ್ ಮಾಡಿದಾಗ ಆರೂ ತಂತಿ ಸೇರಿ ಹತ್ತಿರ ಹತ್ತಿರ 70 ಕೆಜಿ ಎಳೀತಾವೆ, 12 ನಂಬರ್ ಲೈಟ್ ಸೆಟ್ (ಒಂದನೇ ತಂತಿ 0.012 ಇಂಚು ದಪ್ಪ) ಲೆಕ್ಕದಲ್ಲಿ ಹೇಳ್ತಿರೋದು. ಅಂದ್ರೆ ಒಂದು ಸಿಮೆಂಟ್ ಮೂಟೆ, ಅದರ ಜೊತೆ ಇನ್ನೊಂದು ಅರ್ಧ ಮೂಟೆ, ಇಷ್ಟು ಭಾರ ಹಗಲು ರಾತ್ರಿ ಒಂದು ತೆಳ್ಳನೆ ಮರದ ಕೋಲನ್ನ, ಅಂದ್ರೆ ನೆಕ್ಕನ್ನ, ಮುಂದಕ್ಕೆ ಬಗ್ಗಿಸ್ತಾನೇ ಇರ್ತೈತೆ. ಬಿಲ್ಲಿಗೆ ಹೆದೆ ಕಟ್ಟಿದಂಗೆ. ನೆಕ್ ಒಳಗೆ, ಫ್ರೆಟ್‌ಬೋರ್ಡ್ (ಫ್ರೆಟ್ ಅನ್ನೋ ಲೋಹದ ಅಡ್ಡಪಟ್ಟಿಗಳು ಕೂತಿರೋ ಹಲಗೆ) ಕೆಳಗೆ, ಉದ್ದಕ್ಕೂ ಒಂದು ಕಬ್ಬಿಣದ ಸರಳು ಕೂರಿಸಿರ್ತಾರೆ, ಅದರ ತುದಿಯ ನಟ್ ಬಿಗಿ ಮಾಡಿದ್ರೆ ಸರಳು ನೆಕ್ಕನ್ನ ಹಿಂದಕ್ಕೆ ತಳ್ತೈತೆ, ತಂತಿ ಮುಂದಕ್ಕೆ ಎಳೆಯೋದಕ್ಕೆ ಎದುರಾಗಿ. ಎರಡರ ಜಗ್ಗಾಟದಲ್ಲಿ ನೆಕ್ ಎಲ್ಲಿ ನಿಲ್ತೈತೆ ಅನ್ನೋದೇ ನಿಮ್ಮ ಅಡ್ಜಸ್ಟ್‌ಮೆಂಟ್.

ಇದು ನಿನ್ನೆ ಮೊನ್ನೆ ಬಂದಿದ್ದಲ್ಲ, ಗಿಬ್ಸನ್ ಕಂಪನೀಲಿದ್ದ ಥಾಡಿಯಸ್ ಮೆಕ್‌ಹ್ಯೂ ಅನ್ನೋರು 1921ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ರು, 1923ರಲ್ಲಿ ಸಿಕ್ತು. ಅದೇ ಮಾರ್ಟಿನ್ ಗಿಟಾರ್ ಕಂಪನಿಯೋರು ಮಾತ್ರ 1985ರ ತನಕ ತಿರುವೋ ರಾಡ್ ಹಾಕ್ಲೇ ಇಲ್ಲ. ಇದನ್ನ ಯಾಕೆ ಹೇಳ್ದೆ ಅಂದ್ರೆ ಎಲ್ಲಾ ಗಿಟಾರಲ್ಲೂ ತಿರುವೋ ರಾಡ್ ಇದ್ದೇ ಇರ್ತೈತೆ ಅನ್ಕೋಬ್ಯಾಡ್ರಿ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರುಗಳಲ್ಲಿ ಬಹುಪಾಲು ಇರಲ್ಲ, ಕೆಲವು ಹಳೇ ಅಗ್ಗದ ಗಿಟಾರುಗಳಲ್ಲಿ ಸರಳು ಇರ್ತೈತೆ ಆದ್ರೆ ತಿರುವೋ ನಟ್ಟೇ ಇರಲ್ಲ. ಇಲ್ಲದ ನಟ್ ಹುಡುಕ್ಕೊಂಡು ಮರ ಕೆತ್ತಿದೋರನ್ನೂ ನೋಡಿದೀನಿ.

ಹಂಗಾದ್ರೆ ನೆಕ್ ಸೀದಾ ಸ್ಕೇಲ್ ಇದ್ದಂಗೆ ಇರಬೇಕಾ? ಬ್ಯಾಡ. ತಂತಿ ಮೀಟಿದಾಗ ಅದು ನಡುವೆ ಹೆಚ್ಚು ಅಗಲ ಆಡ್ತೈತೆ, ತುದಿಗಳಲ್ಲಿ ಕಮ್ಮಿ, ಬಟ್ಟೆ ಒಣಗಾಕೋ ಹಗ್ಗ ಜಗ್ಗಿ ಬಿಟ್ಟು ನೋಡ್ರಿ ಗೊತ್ತಾಗ್ತೈತೆ. ಆ ಆಟಕ್ಕೆ ಜಾಗ ಬೇಕಲ್ಲ, ಅದಕ್ಕೆ ನೆಕ್ ನಡುವೆ ಕೂದಲೆಳೆಯಷ್ಟು ತಗ್ಗು ಬಿಡ್ತಾರೆ. ಆ ತಗ್ಗಿಗೇ ರಿಲೀಫ್ ಅಂತಾರೆ. ತಂತಿ ಫ್ರೆಟ್ಟಿಂದ ಎಷ್ಟು ಎತ್ತರ ಐತೆ ಅನ್ನೋದು ಆಕ್ಷನ್. ಈ ಎರಡನ್ನ ಕಲಸಿಬಿಡೋದೇ ಎಲ್ಲಾ ಅನಾಹುತಕ್ಕೆ ಮೂಲ. ರಾಡ್ ಇರೋದು ರಿಲೀಫ್‌ಗೆ. ಆಕ್ಷನ್ ಇಳಿಸೋಕೆ ಸ್ಯಾಡಲ್ (ಬ್ರಿಡ್ಜ್ ಮ್ಯಾಲೆ ತಂತಿ ಕೂರೋ ಪಟ್ಟಿ) ಐತೆ, ನಟ್ ಐತೆ, ಈ ನಟ್ ರಾಡಿನ ತುದೀದಲ್ಲ, ನೆಕ್ಕಿನ ತಲೆ ಅಂದ್ರೆ ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರೋ ಪಟ್ಟಿ. ರಾಡ್ ತಿರುವಿದಾಗ ಆಕ್ಷನ್ನೂ ಒಂಚೂರು ಇಳೀತೈತೆ ನಿಜ, ಅದನ್ನ ನೋಡಿ ಜನ ಮೋಸ ಹೋಗೋದು.

ನಾನು ಮಾಡ್ಕೊಂಡ ಎಡವಟ್ಟು

ನನ್ನದು ಸ್ಪ್ರೂಸ್ ಟಾಪಿನ ಸಾಧಾರಣ ಗಿಟಾರ್. ಆಕ್ಷನ್ ಜಾಸ್ತಿ ಅನ್ನಿಸ್ತು, ಒಂದು ವಿಡಿಯೋ ಅರ್ಧ ನೋಡಿ ಕೀ ಹಾಕಿ ಅರ್ಧ ರೌಂಡ್ ಟೈಟ್ ಮಾಡ್ದೆ. ತಂತಿ ಇಳೀತು, ಖುಷಿಯಾಯ್ತು, ಜಿ ಕಾರ್ಡ್ ಹಿಡಿದು ಮೀಟಿದ್ರೆ ಜ್ಹೂಂಯ್ ಅಂತ ದುಂಬಿ ಡಬ್ಬಿ ಒಳಗೆ ಸಿಕ್ಕಂಗೆ ಸದ್ದು, ಮೊದಲ ನಾಲ್ಕು ಫ್ರೆಟ್ ಪೂರ್ತಿ ಬಜ್. ಗಾಬರಿಯಾಗಿ ಉಲ್ಟಾ ತಿರುವ್ದೆ, ಎಷ್ಟು ತಿರುವ್ದೆ ಅಂತ ಲೆಕ್ಕ ಇಟ್ಕೊಂಡಿಲ್ಲ, ಈಗ ಏಳನೇ ಫ್ರೆಟ್ ಹತ್ರ ತಂತಿ ಕೆಳಗೆ ಬೆರಳು ತೂರ್ಬೋದೇನೋ ಅನ್ನೋ ಹಂಗೆ ಎದ್ದು ನಿಂತ್ಕೊಂತು. ಮೂರು ದಿನ ಹಿಂದೆ ಮುಂದೆ ತಿರುವಿದ್ದೇ ತಿರುವಿದ್ದು. ಎಲ್ಲಿಂದ ಶುರು ಮಾಡಿದ್ದೆ ಅಂತಾನೇ ಗೊತ್ತಿಲ್ಲ, ವಾಪಸ್ ಹೋಗೋದೆಲ್ಲಿಗೆ? ಕೊನೆಗೆ ಬೈಕ್ ಮೆಕ್ಯಾನಿಕ್ ಒಬ್ಬರ ಹತ್ರ ಫೀಲರ್ ಗೇಜ್ (ಸಂದು ಅಳೆಯೋ ತೆಳ್ಳನೆ ಲೋಹದ ಎಲೆಗಳ ಸೆಟ್ಟು) ಇಸ್ಕೊಂಡು ಬಂದು ಅಳೆದ ಮೇಲೇನೇ ಸರಿಹೋಗಿದ್ದು, ಅವರು ನಗ್ತಿದ್ರು, ಟ್ಯಾಪೆಟ್ ಸೆಟ್ ಮಾಡೋದು ಕಲಿಯಾಕೆ ಬರೋ ಹುಡುಗರಿಗೂ ಮೊದ್ಲು ಇದನ್ನೇ ಕೊಡೋದು ನಾವು ಅಂತ.

ಏನೇನು ಬೇಕು

ಫೀಲರ್ ಗೇಜ್ ಒಂದು, ಪಿ.ಬಿ. ರೋಡ್ ಕಡೆ ಟೂ ವೀಲರ್ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಕೇಳಿ ನೋಡ್ರಿ, ಇಲ್ಲಾ ಪರಿಚಯದ ಮೆಕ್ಯಾನಿಕ್ ಹತ್ರ ಒಂದು ದಿನಕ್ಕೆ ಇಸ್ಕೊಳ್ರಿ. ಎರಡೂ ಆಗಲಿಲ್ಲ ಅಂದ್ರೆ ಹಳೇ ತಂತಿ ಎಸೀಬ್ಯಾಡ್ರಿ, 12 ಸೆಟ್ಟಿನ ಒಂದನೇ ತಂತಿ 0.30 ಎಂಎಂ ದಪ್ಪ, 10 ಸೆಟ್ಟಿಂದು 0.25 ಎಂಎಂ, ಅದೇ ನಿಮ್ಮ ಗೇಜು. ಸಾದಾ ಜೆರಾಕ್ಸ್ ಹಾಳೆ ಹತ್ತಿರ ಹತ್ತಿರ 0.1 ಎಂಎಂ, ಎರಡಾಗಿ ಒಂದೇ ಸಲ ಮಡಿಚಿದ್ರೆ 0.2, ಆದ್ರೆ ಮಡಿಕೆ ಸರಿಯಾಗಿ ಒತ್ತಿರಬೇಕು.

ಕ್ಯಾಪೊ ಬೇಕು, ಅಂದ್ರೆ ಎಲ್ಲಾ ತಂತೀನೂ ಒಂದೇ ಫ್ರೆಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು. ಇಲ್ಲದಿದ್ರೆ ಒಂದು ಪೆನ್ಸಿಲ್ ಅಡ್ಡ ಇಟ್ಟು ರಬ್ಬರ್ ಬ್ಯಾಂಡ್ ಬಿಗಿದು ಕಟ್ಟಿದ್ರೂ ನಡೀತೈತೆ. ಟ್ಯೂನರ್, ಮೊಬೈಲ್ ಆ್ಯಪ್ ಸಾಕು. ಅರ್ಧ ಎಂಎಂ ಗುರುತು ಇರೋ ಸ್ಟೀಲ್ ಸ್ಕೇಲು. ಟಾರ್ಚು. ಒಂದು ಹಾಳೆ ಪೆನ್ನು, ಇದು ಕೀಗಿಂತ ಮುಖ್ಯ.

ಇನ್ನು ಕೀ. ಅಂಗಡೀಲಿ ಎಲ್ಲೆನ್ ಕೀ ಅಂದ್ರೂ ಕೊಡ್ತಾರೆ, ಎರಡೂ ಒಂದೇ. ಅಕೌಸ್ಟಿಕ್ ಗಿಟಾರಿಗೆ 4 ಎಂಎಂ, 5 ಎಂಎಂ ಜಾಸ್ತಿ ಕಾಣ್ತಾವೆ, ಕೆಲವಕ್ಕೆ ಇಂಚಿನ ಲೆಕ್ಕದ ಕೀ ಬರ್ತೈತೆ. ಇಲ್ಲೇ ಹುಷಾರು. 3/16 ಇಂಚಿನ ಕೀ ಅಂದ್ರೆ 4.76 ಎಂಎಂ, ಅದನ್ನ 5 ಎಂಎಂ ಗುಂಡಿಗೆ ಹಾಕಿದ್ರೆ ಕೂತಂಗೇ ಕಾಣ್ತೈತೆ, ಒಂಚೂರು ಲೊಡಲೊಡ ಅಂತೈತೆ ಅಷ್ಟೇ, ಜೋರು ಕೊಟ್ರಿ ಅಂದ್ರೆ ಗುಂಡಿಯ ಆರು ಮೂಲೆ ಸವೆದು ರೌಂಡ್ ಆಗೋಗ್ತೈತೆ. ಆಮೇಲೆ ಆ ನಟ್ಟಿಗೆ ಯಾವ ಕೀನೂ ಹಿಡಿಯಲ್ಲ. ಗಿಟಾರ್ ಜೊತೆ ಬಂದ ಕೀ ಇದ್ರೆ ಅದೇ ಬೆಸ್ಟು, ಬ್ಯಾಗಿನ ಸಣ್ಣ ಜೇಬಲ್ಲಿ ಹುಡುಕ್ರಿ, ಬಹಳ ಜನ ಅದು ಏನು ಅಂತ ಗೊತ್ತಿಲ್ದೆ ಅಲ್ಲೇ ಬಿಟ್ಟಿರ್ತಾರೆ. ರಾಡಿನ ನಟ್ ಸೌಂಡ್‌ಹೋಲ್ (ಗಿಟಾರ್ ಹೊಟ್ಟೆಯ ದೊಡ್ಡ ತೂತು) ಒಳಗೆ ಆಳದಲ್ಲಿದ್ರೆ ಉದ್ದ ಕಾಲಿನ ಕೀ ಬೇಕು, ಮಾಮೂಲಿ ಗಿಡ್ಡ ಕೀ ಮುಟ್ಟೋದೇ ಇಲ್ಲ.

ಮೊದ್ಲು ರೋಗ ಯಾವುದು ನೋಡ್ರಿ

ಎಲ್ಲಾ ಬಜ್ಜೂ ರಾಡಿಂದಲ್ಲ. ಮೊದಲ ಐದು ಫ್ರೆಟ್ಟಿನಲ್ಲೇ ಬಹಳ ತಂತಿ ಬಜ್ ಹೊಡೀತಾವೆ, ಮೇಲೆ ಹೋದ್ರೆ ಕ್ಲೀನು ಅಂದ್ರೆ ನೆಕ್ ಅತಿ ಸೀದಾ ಆಗೈತೆ ಅಥವಾ ಹಿಂದಕ್ಕೆ ಬಾಗೈತೆ, ಇದು ರಾಡ್ ಕೇಸು, ಲೂಸ್ ಮಾಡ್ಬೇಕು. ಒಂದನೇ ಫ್ರೆಟ್ ಹತ್ರ ಪರವಾಗಿಲ್ಲ ಆದ್ರೆ ಐದರಿಂದ ಒಂಬತ್ತರ ನಡುವೆ ತಂತಿ ಒತ್ತಾಕೆ ಜೀವ ಹೋಗ್ತೈತೆ, ಇದೂ ರಾಡ್ ಕೇಸೇ, ರಿಲೀಫ್ ಜಾಸ್ತಿ ಆಗೈತೆ, ಟೈಟ್ ಮಾಡ್ಬೇಕು.

ಬರೀ ಹನ್ನೆರಡರಿಂದ ಆಚೆ ಬಜ್ ಬಂದ್ರೆ ರಾಡಿಗೆ ಸಂಬಂಧ ಇಲ್ಲ. ಒಂದೇ ಒಂದು ಫ್ರೆಟ್ಟಲ್ಲಿ ಬಂದ್ರೆ ಅದರ ಮುಂದಿನ ಫ್ರೆಟ್ ಎದ್ದಿರ್ತೈತೆ. ತಂತಿ ಒತ್ತದೆ ಖಾಲಿ ಮೀಟಿದಾಗ ಮಾತ್ರ ಬಜ್, ಒಂದನೇ ಫ್ರೆಟ್ ಒತ್ತಿದ್ರೆ ಇಲ್ಲ ಅಂದ್ರೆ ಮೊದ್ಲು ಹೆಡ್‌ಸ್ಟಾಕ್ ಬುಡದ ನಟ್ಟಿನ ಗಾಡಿ, ಅಂದ್ರೆ ತಂತಿ ಕೂರೋ ಸೀಳು, ಆಳ ಆಗೈತಾ ನೋಡ್ರಿ. ಇನ್ನು ಟ್ಯೂನಿಂಗ್ ಕೀಗಳ ವಾಷರ್ ಲೂಸಾಗಿ, ಪಿಕಪ್ ವೈರ್ ಒಳಗೆ ಪಟಪಟ ಬಡಿದು ಬರೋ ಸದ್ದಿಗೂ ಜನ ರಾಡ್ ತಿರುವ್ತಾರೆ, ಏನು ಹೇಳೋದು.

ಅಳತೆ ತಗೊಳ್ಳೋದು

ಗಿಟಾರ್ ಟ್ಯೂನ್ ಮಾಡ್ರಿ, ನೀವು ದಿನಾ ನುಡಿಸೋ ಟ್ಯೂನಿಂಗಿಗೇ ಮಾಡ್ರಿ, ತಂತಿ ಲೂಸ್ ಇಟ್ಕೊಂಡು ಅಳೆದ್ರೆ ಅಳತೆ ಸುಳ್ಳು. ಮೇಜಿನ ಮ್ಯಾಲೆ ಅಂಗಾತ ಮಲಗಿಸಿ ಅಳೀಬ್ಯಾಡ್ರಿ, ಹೆಡ್‌ಸ್ಟಾಕ್ ಕೆಳಗೆ ಆಸರೆ ಕೊಟ್ರೆ ನೆಕ್ ಅಷ್ಟರಲ್ಲೇ ಒಂಚೂರು ಬಾಗ್ತೈತೆ, ತೊಡೆ ಮ್ಯಾಲೆ ನುಡಿಸೋವಾಗ ಹಿಡಿಯೋ ಹಂಗೇ ಹಿಡೀರಿ.

ಒಂದನೇ ಫ್ರೆಟ್ಟಿಗೆ ಕ್ಯಾಪೊ ಹಾಕ್ರಿ. ಬಲಗೈಲಿ ದಪ್ಪ ತಂತಿಯನ್ನ, ಅಂದ್ರೆ ಆರನೇ ತಂತಿಯನ್ನ, ನೆಕ್ ಬಾಡಿಗೆ ಸೇರೋ ಕಡೆಯ ಫ್ರೆಟ್ಟಿಗೆ ಒತ್ರಿ, ಸಾಮಾನ್ಯವಾಗಿ ಅದು 14ನೇದು. ಈಗ ಆ ತಂತಿ ಎರಡು ತುದೀಲಿ ಕೂತಿರೋ ಸೀದಾ ಗೆರೆ ಆಯ್ತು, ಗಾರೆ ಕೆಲಸದೋರು ಗೋಡೆಗೆ ದಾರ ಹಿಡೀತಾರಲ್ಲ ಹಂಗೆ. ನಡುವೆ, ಏಳನೇ ಫ್ರೆಟ್ ಹತ್ರ, ತಂತಿಯ ತಳಕ್ಕೂ ಫ್ರೆಟ್ಟಿನ ನೆತ್ತಿಗೂ ಇರೋ ಸಂದು ಎಷ್ಟು ನೋಡ್ರಿ. ಅದೇ ರಿಲೀಫ್.

ಗೇಜಿನ 0.20 ಎಲೆ ತಗೊಂಡು ಆ ಸಂದಿಗೆ ನಿಧಾನಕ್ಕೆ ತೂರಿಸ್ರಿ. ತಂತಿ ಅಲ್ಲಾಡದೆ ಸಲೀಸಾಗಿ ಹೋದ್ರೆ ಸಂದು ಅದಕ್ಕಿಂತ ಜಾಸ್ತಿ, 0.25 ಹಾಕಿ ನೋಡ್ರಿ, ತಂತಿಯನ್ನ ಮೇಲಕ್ಕೆ ಎತ್ತಿದ್ರೆ ಜಾಸ್ತಿಯಾಯ್ತು, ಇಳೀರಿ. ಟಾರ್ಚ್ ಹಿಂದಿಂದ ಬಿಟ್ರೆ ಸಂದಿನಲ್ಲಿ ಬೆಳಕಿನ ಗೆರೆ ಕಾಣ್ತೈತೆ, ಎಲೆ ಹೋದಾಗ ಆ ಗೆರೆ ಮುಚ್ತೈತೆ, ಎರಡು ಸಲ ಮಾಡಿದ್ರೆ ಕೈಗೆ ಅಭ್ಯಾಸ ಆಗ್ತೈತೆ. ಗೇಜ್ ಇಲ್ದಿದ್ರೆ ಏಳನೇ ಫ್ರೆಟ್ ಮ್ಯಾಲೆ ತಂತಿಯನ್ನ ಬೆರಳಲ್ಲಿ ಮೆಲ್ಲಗೆ ತಟ್ರಿ, ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂದ್ರೆ ಸಂದು ಐತೆ, ಸದ್ದೇ ಇಲ್ಲ ಅಂದ್ರೆ ತಂತಿ ಫ್ರೆಟ್ಟಿಗೆ ಅಂಟ್ಕೊಂಡೈತೆ.

ಎಷ್ಟಿರಬೇಕು? ಬಹಳಷ್ಟು ಅಕೌಸ್ಟಿಕ್‌ಗೆ 0.15ರಿಂದ 0.25 ಎಂಎಂ ಒಳಗಿದ್ರೆ ಚಂದ. ಜೋರಾಗಿ ಸ್ಟ್ರಮ್ ಮಾಡೋರಿಗೆ 0.3 ತನಕ ಇದ್ರೂ ತಪ್ಪಿಲ್ಲ, ಬೆರಳಲ್ಲಿ ಮೆತ್ತಗೆ ನುಡಿಸೋರು 0.1ಕ್ಕೂ ಇಳಿಸ್ಕೊಳ್ತಾರೆ. 0.4 ದಾಟಿದ್ರೆ ಟೈಟ್ ಮಾಡೋ ಕೇಸು, ಸಂದೇ ಇಲ್ಲ ಅಂದ್ರೆ ಲೂಸ್ ಮಾಡೋ ಕೇಸು. ನಡುವೆ ಐತಾ? ಕೀ ಮುಟ್ಟಬ್ಯಾಡ್ರಿ, ನಿಮ್ಮ ತೊಂದರೆ ಬೇರೆ ಕಡೆ ಐತೆ.

ಇದರ ಜೊತೆಗೇ ಕ್ಯಾಪೊ ತೆಗೆದು 12ನೇ ಫ್ರೆಟ್ಟಲ್ಲಿ ಆಕ್ಷನ್ನೂ ಅಳೆದು ಬರ್ಕೊಳ್ರಿ, ದಪ್ಪ ತಂತಿ ಕೆಳಗೆ ಎಷ್ಟು, ಸಣ್ಣ ತಂತಿ ಕೆಳಗೆ ಎಷ್ಟು. ದಪ್ಪದ್ದು 2.5 ಎಂಎಂ ಆಸುಪಾಸು, ಸಣ್ಣದ್ದು 2 ಎಂಎಂ ಆಸುಪಾಸು ಇದ್ರೆ ಸಾಮಾನ್ಯವಾಗಿ ಯಾರೂ ಬೈಯಲ್ಲ.

ನಮ್ಮೂರ ಹವಾಮಾನದ ವಿಷಯ

ಇದನ್ನ ಬಿಟ್ರೆ ಆಗಲ್ಲ. ಮಾರ್ಚಿಂದ ಮೇ ತನಕ ದಾವಣಗೆರೇಲಿ ಒಣ ಬಿಸಿಲು, ದುರ್ಗದ ಕಡೆ ಕೇಳೋದೇ ಬ್ಯಾಡ, ಬೆಟ್ಟದ ಮ್ಯಾಲೆ ಗಾಳಿ ಫ್ಯಾನು ತಿರುಗಿಸೋ ಗಾಳಿ ಮರದ ಒಳಗಿನ ಪಸೆ ಎಲ್ಲಾ ಹೀರ್ಕೊಂಡು ಹೋಗ್ತೈತೆ. ಜೂನ್ ಆದ ಮೇಲೆ ಉಲ್ಟಾ. ಹಳೇ ಮನೆ ಬಾಗಿಲು ಮಳೆಗಾಲದಲ್ಲಿ ಊದ್ಕೊಂಡು ಚೌಕಟ್ಟಿಗೆ ಸಿಕ್ಕಾಕ್ಕೊಳಲ್ವಾ, ಡೊಳ್ಳಿನ ಚರ್ಮ ಮಳೇಲಿ ಇಳಿದು ಬೆಂಕಿಗೆ ಕಾಸ್ತಾರಲ್ವಾ, ಗಿಟಾರಿಗೂ ಅದೇ ಗಾಳಿ.

ಮಳೆಗಾಲದಲ್ಲಿ ಗಿಟಾರಿನ ಮುಂದಿನ ಹಲಗೆ ಅಂದ್ರೆ ಟಾಪು ಪಸೆ ಕುಡಿದು ಉಬ್ತೈತೆ, ಬ್ರಿಡ್ಜು ಅದರ ಜೊತೆ ಮ್ಯಾಲೆ ಏಳ್ತೈತೆ, ತಂತಿ ಎತ್ತರ ಆಗ್ತಾವೆ. ಬೇಸಿಗೇಲಿ ಟಾಪ್ ಒಣಗಿ ಕುಸೀತೈತೆ, ತಂತಿ ಇಳಿದು ಬಜ್ ಶುರು, ಫ್ರೆಟ್‌ಬೋರ್ಡ್ ಅಗಲದಲ್ಲಿ ಕುಗ್ಗಿ ಫ್ರೆಟ್ಟಿನ ತುದಿಗಳು ಆಚೆ ಬಂದು ಕೈ ಜಾರಿಸಿದಾಗ ಗರಗಸದಂಗೆ ಚುಚ್ತಾವೆ. ನೆಕ್ಕೂ ಆಡ್ತೈತೆ, ಆದ್ರೆ ಯಾವ ಕಡೆ ಎಷ್ಟು ಅಂತ ಕೂತಲ್ಲೇ ಊಹೆ ಮಾಡಾಕೆ ಆಗಲ್ಲ, ಅಳೆದೇ ನೋಡ್ಬೇಕು. ಹಂಗಾಗಿ ಮಳೆಗಾಲದಲ್ಲಿ ಆಕ್ಷನ್ ಎದ್ದಿದ್ದಕ್ಕೆ ರಾಡ್ ಬಿಗಿದ್ರೆ ಉಬ್ಬಿದ ಟಾಪಿಗೆ ನೆಕ್ಕಿನಲ್ಲಿ ಔಷಧಿ ಕೊಟ್ಟಂಗೆ. ದೀಪಾವಳಿ ಹೊತ್ತಿಗೆ ಟಾಪ್ ತಾನೇ ಇಳೀತೈತೆ, ಆಗ ಬಿಗಿದ ರಾಡ್ ಹಂಗೇ ಇರ್ತೈತಲ್ಲ, ಬಜ್ಜೋ ಬಜ್ಜು.

ಗಿಟಾರಿಗೆ ಹಿತ ಅನ್ನಿಸೋ ತೇವಾಂಶ 45ರಿಂದ 55 ಪರ್ಸೆಂಟು. ಬೇಸಿಗೇಲಿ ಸೋಪ್ ಡಬ್ಬಿಗೆ ತೂತು ಕೊರೆದು ಒಳಗೆ ಒದ್ದೆ ಸ್ಪಂಜು, ನೀರು ತೊಟ್ಟಿಕ್ಕದಂಗೆ ಹಿಂಡಿ, ಕೇಸಿನಲ್ಲಿ ಇಡ್ರಿ. ಮತ್ತೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಟ್ಟು ಬೆಣ್ಣೆ ದೋಸೆ ತಿನ್ನಾಕೆ ಹೋಗ್ಬ್ಯಾಡ್ರಿ, ದೋಸೆಗೆ ಕಾದು ತಿಂದು ಬರೋದ್ರೊಳಗೆ ಬ್ರಿಡ್ಜಿನ ಅಂಟೇ ಮೆತ್ತಗಾಗಿ ಬಿಡ್ಬೋದು.

ಈಗ ಕೀ ಹಿಡೀರಿ

ಅಳೆದಾಯ್ತು, ರಾಡ್ ಕೇಸೇ ಅಂತ ಖಾತ್ರಿ ಆಯ್ತು. ರಾಡಿನ ನಟ್ ಎಲ್ಲೈತೆ ಹುಡುಕ್ರಿ. ಹೆಡ್‌ಸ್ಟಾಕಿನಲ್ಲಿ ತಂತಿಗಳ ಕೆಳಗೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದ್ರೆ ಅದರ ಸ್ಕ್ರೂ ಬಿಚ್ಚಿದ್ರೆ ಒಳಗೆ ಕಾಣ್ತೈತೆ. ಮುಚ್ಚಳ ಇಲ್ವಾ, ಹಂಗಾದ್ರೆ ಸೌಂಡ್‌ಹೋಲ್ ಒಳಗೆ, ನೆಕ್ ಕಡೆ ಮುಖ ಮಾಡಿ ಟಾರ್ಚ್ ಬಿಟ್ಟು ನೋಡ್ರಿ, ಮೊಬೈಲ್ ಕ್ಯಾಮೆರಾ ಒಳಗೆ ಹಿಡಿದು ಫೋಟೋ ತೆಗೆದ್ರೆ ಇನ್ನೂ ಸುಲಭ. ಗುಂಡಿ ಒಳಗೆ ಮರದ ಪುಡಿ, ಒಣಗಿದ ಅಂಟು ಕೂತಿರ್ತೈತೆ, ಹಲ್ಲುಕಡ್ಡೀಲಿ ಕೆದಕಿ ತೆಗೀರಿ, ಕೀ ಪೂರ್ತಿ ಆಳಕ್ಕೆ ಕೂರಲಿಲ್ಲ ಅಂದ್ರೆ ಮೂಲೆ ಸವೆಯೋದು ಗ್ಯಾರಂಟಿ.

ಸೌಂಡ್‌ಹೋಲ್ ಕಡೆ ಇದ್ರೆ ಮೂರನೇ ನಾಲ್ಕನೇ ತಂತಿಗಳನ್ನ ಸ್ವಲ್ಪ ಲೂಸ್ ಮಾಡಿ ಪಕ್ಕಕ್ಕೆ ಸರಿಸ್ರಿ, ಕೈ ಹೋಗಾಕೆ ಜಾಗ ಆಗ್ತೈತೆ. ಟೈಟ್ ಮಾಡೋ ಕೇಸಾದ್ರೆ ನಾನು ಎಲ್ಲಾ ತಂತೀನೂ ಒಂದು ಸ್ವರದಷ್ಟು ಇಳಿಸ್ಕೊಳ್ತೀನಿ, ತಂತಿ ಎಳೆತದ ಎದುರು ನಟ್ ಬಿಗಿಯೋದು ಹತ್ತು ವರ್ಷ ಹಳೇ ಗಿಟಾರಿಗೆ ಸುಮ್ನೆ ಹಿಂಸೆ.

ಕೀ ಕೂರಿಸಿದ ಮೇಲೆ ಅದು ಈಗ ಯಾವ ಕಡೆ ತೋರಿಸ್ತೈತೆ ಅಂತ ಗುರುತು ಮಾಡ್ಕೊಳ್ರಿ, ಒಂದು ಫೋಟೋ ತೆಗೀರಿ, ಹಾಳೇಲಿ ಗಡಿಯಾರ ಬರೆದು ಮುಳ್ಳು ಹಾಕ್ರಿ, ಏನಾದ್ರೂ ಮಾಡ್ರಿ. ನಾನು ಮೂರು ದಿನ ಒದ್ದಾಡಿದ್ದು ಈ ಒಂದು ಗುರುತಿಲ್ಲದೆ.

ದಿಕ್ಕು ಹೀಗೆ: ನಟ್ಟಿನ ಮುಖ ನೋಡ್ತಾ ಗಡಿಯಾರದ ಮುಳ್ಳು ತಿರುಗೋ ಕಡೆ ತಿರುವಿದ್ರೆ ಟೈಟು, ನೆಕ್ ಸೀದಾ ಆಗ್ತೈತೆ, ರಿಲೀಫ್ ಕಮ್ಮಿ. ಉಲ್ಟಾ ತಿರುವಿದ್ರೆ ಲೂಸು, ತಂತಿ ನೆಕ್ಕನ್ನ ಮುಂದಕ್ಕೆ ಎಳ್ಕೊಳ್ತಾವೆ, ರಿಲೀಫ್ ಜಾಸ್ತಿ. ನಟ್ ಹೆಡ್‌ಸ್ಟಾಕ್ ಕಡೆ ಇರ್ಲಿ, ಸೌಂಡ್‌ಹೋಲ್ ಕಡೆ ಇರ್ಲಿ, ಅದರ ಮುಖ ನೋಡಿ ತಿರುವಿದ್ರೆ ಲೆಕ್ಕ ಒಂದೇ, ಆದ್ರೆ ಗಿಟಾರನ್ನ ತಲೆಕೆಳಗೆ ಹಿಡ್ಕೊಂಡು ಸೌಂಡ್‌ಹೋಲ್ ಒಳಗೆ ಕೈ ಹಾಕಿದಾಗ ತಲೆ ಗಿರ್ ಅಂತೈತೆ, ಪೆನ್ನಲ್ಲಿ ಬಾಣ ಬರೆದು ಇಟ್ಕೊಳ್ರಿ.

ನಾನು ಯಾವಾಗ್ಲೂ ಮೊದ್ಲು ಲೂಸ್ ಕಡೆಗೇ ಒಂದೀಟು, ಒಂದು ರೌಂಡಿನ ಎಂಟನೇ ಒಂದು ಭಾಗ, ತಿರುವಿ ನೋಡ್ತೀನಿ, ಟೈಟ್ ಮಾಡೋದಿದ್ರೂ ಸಹ. ವರ್ಷಗಟ್ಟಲೆ ಮುಟ್ಟದ ನಟ್ ಹಿಡ್ಕೊಂಡಿರ್ತೈತೆ. ಮೊದಲು ಏನೂ ಆಗಲ್ಲ, ಕೈ ಒತ್ತಡ ನಿಧಾನಕ್ಕೆ ಏರಿಸ್ತಾ ಹೋದ್ರೆ ಒಳಗೆ ಎಲ್ಲೋ ಟಿಕ್ ಅಂತ ಒಂದು ಒಣ ಸದ್ದು ಬರ್ತೈತೆ, ಮೊದಲ ಸಲ ಎದೆ ಧಸಕ್ ಅಂತೈತೆ, ನೆಕ್ ಸೀಳಿತೇನೋ ಅಂತ. ಸಾಮಾನ್ಯವಾಗಿ ಅದು ಹಿಡ್ಕೊಂಡಿದ್ದ ನಟ್ಟಿನ ಥ್ರೆಡ್ ಬಿಟ್ಕೊಂಡ ಸದ್ದು. ಆಮೇಲೆ ನಟ್ ಬೆಣ್ಣೇಲಿ ತಿರುಗಿದಂಗೆ ನುಣ್ಣಗೆ ತಿರುಗ್ತೈತೆ. ಕೈಗೆ ಆ ನುಣುಪು ಸಿಕ್ಕ ಮೇಲೆ ಬೇಕಾದ ಕಡೆ ತಿರುವ್ರಿ.

ಎಷ್ಟು? ಒಂದು ಸಲಕ್ಕೆ ಎಂಟನೇ ಒಂದು ರೌಂಡು, ಬಾಳ ಅಂದ್ರೆ ಕಾಲು ರೌಂಡು. ಗಡಿಯಾರದಲ್ಲಿ 12ರಿಂದ 3ಕ್ಕೆ, ಅಷ್ಟೇ, ಅದರಾಚೆ ಹೋಗಂಗಿಲ್ಲ. ಕೀ ತೆಗೀರಿ, ತಂತಿ ಎಲ್ಲಾ ಮತ್ತೆ ಟ್ಯೂನ್ ಮಾಡ್ರಿ, ಕ್ಯಾಪೊ ಹಾಕ್ರಿ, ಮತ್ತೆ ಏಳನೇ ಫ್ರೆಟ್ ಅಳೀರಿ, ಬರ್ಕೊಳ್ರಿ. ಇನ್ನೂ ಬೇಕಾದ್ರೆ ಇನ್ನೊಂದು ಎಂಟನೇ ಭಾಗ. ಬಹಳಷ್ಟು ಗಿಟಾರಿಗೆ ಒಟ್ಟು ಅರ್ಧ ರೌಂಡೊಳಗೆ ಕೆಲಸ ಮುಗೀತೈತೆ. ಅಳತೆ ಹತ್ತಿರ ಬಂದ್ರೆ ನಿಲ್ಸಿ ರಾತ್ರಿ ಹಂಗೇ ಬಿಡ್ರಿ, ಮರ ಕಬ್ಬಿಣದಷ್ಟು ಬೇಗ ಮಾತು ಕೇಳಲ್ಲ, ಬೆಳಗ್ಗೆ ಅಳೆದ್ರೆ ಇನ್ನೊಂಚೂರು ಸರಿದಿರ್ತೈತೆ.

ನಿಲ್ಲಿಸಬೇಕಾದ ಜಾಗ

ಟೈಟ್ ಮಾಡ್ತಾ ಹೋದಂಗೆ ನಟ್ ಗಟ್ಟಿ ಆಗ್ತಾ ಹೋಗೋದು ಸಹಜ, ಆದ್ರೆ ಒಮ್ಮೆಗೇ ಗೋಡೆ ಹೊಡ್ದಂಗೆ ನಿಂತ್ರೆ ಅಲ್ಲಿಗೆ ನಿಲ್ಸಿ. ಕೀ ತುದಿಗೆ ಪೈಪ್ ಹಾಕಿ ಜಗ್ಗೋ ಲಾರಿ ಟೈರ್ ವಿದ್ಯೆ ಇಲ್ಲಿ ನಡೆಯಲ್ಲ. ರಾಡ್ ಒಳಗೆ ತುಂಡಾದ್ರೆ ಫ್ರೆಟ್‌ಬೋರ್ಡ್ ಕಿತ್ತು ರಿಪೇರಿ ಮಾಡ್ಬೇಕು, ಹತ್ತು ಸಾವಿರದ ಗಿಟಾರಿಗೆ ಅದು ಲುಕ್ಸಾನೇ.

ನಟ್ ಯಾವ ಕಡೆ ತಿರುವಿದ್ರೂ ಲೂಸಾಗಿ ಸುತ್ತುತ್ತಾ ಇದ್ರೂ ಗಾಬರಿ ಬ್ಯಾಡ. ಎರಡೂ ಕಡೆ ಬಗ್ಗಿಸೋ ಡಬಲ್ ಆ್ಯಕ್ಷನ್ ರಾಡ್‌ಗಳಲ್ಲಿ ನಡುವೆ ಒಂದು ಖಾಲಿ ಜಾಗ ಇರ್ತೈತೆ, ಅದು ದಾಟಿದ ಮೇಲೆ ಮತ್ತೆ ಹಿಡೀತೈತೆ, ಲೂಸ್ ಕಡೆ ಇನ್ನೂ ಹೋದ್ರೆ ನೆಕ್ಕನ್ನ ಮುಂದಕ್ಕೆ ಬೇಕಂತಲೇ ತಳ್ತೈತೆ. ಸಿಂಗಲ್ ರಾಡ್ ಆಗಿದ್ರೆ ಪೂರ್ತಿ ಲೂಸ್ ಆದ ಮೇಲೂ ರಿಲೀಫ್ ಬರ್ಲಿಲ್ಲ ಅಂದ್ರೆ ಕೀ ಕೆಳಗಿಡ್ರಿ, ಅದು ಗಿಟಾರ್ ಕಟ್ಟೋರ ಕೈಗೆ ಹೋಗ್ಬೇಕಾದ ನೆಕ್ಕು, ಬೆಂಗಳೂರಿಗೆ ರೈಲು ಹತ್ತಿಸ್ರಿ.

ನೆಕ್ ಅಡ್ಡಡ್ಡ ತಿರುಚಿಕೊಂಡಿದ್ರೆ, ಅಂದ್ರೆ ದಪ್ಪ ತಂತಿ ಕಡೆ ಒಂದು ರಿಲೀಫು ಸಣ್ಣ ತಂತಿ ಕಡೆ ಬಾಳ ಬೇರೆ ರಿಲೀಫು, ಇದನ್ನೂ ರಾಡ್ ಸರಿ ಮಾಡಲ್ಲ. ಅಂಗಡಿಯೊಂದರಲ್ಲಿ ನನಗೆ ಪರಿಚಯದವರ ತಿರುಚಿದ ನೆಕ್ಕಿಗೆ ಮೂರು ಸಲ ರಾಡ್ ತಿರುವಿ ಮೂರು ಸಲ ದುಡ್ಡು ಇಸ್ಕೊಂಡಿದ್ರು, ಒಂದು ಸಲಾನೂ ಗೇಜ್ ತೆಗೆದಿಲ್ಲ.

ರಾಡ್ ಆದ ಮೇಲೆ ಸ್ಯಾಡಲ್

ರಿಲೀಫ್ ಸರಿ ಆಯ್ತು, ಆಕ್ಷನ್ ಇನ್ನೂ ಜಾಸ್ತಿ ಐತೆ ಅಂದ್ರೆ ಸ್ಯಾಡಲ್ ಉಜ್ಜಬೇಕು. ಲೆಕ್ಕ ಸುಲಭ, 12ನೇ ಫ್ರೆಟ್ ತಂತಿಯ ನಟ್ಟ ನಡು, ಹಂಗಾಗಿ ಅಲ್ಲಿ ಅರ್ಧ ಎಂಎಂ ಇಳೀಬೇಕಾದ್ರೆ ಸ್ಯಾಡಲ್ ಒಂದು ಎಂಎಂ ಇಳೀಬೇಕು. ತಂತಿ ತೆಗೆದು, ಸ್ಯಾಡಲ್ ಎಳೆದು, ಪೆನ್ಸಿಲಲ್ಲಿ ಗೆರೆ ಹಾಕಿ, ಗಾಜಿನ ಮ್ಯಾಲೆ 120 ನಂಬರ್ ಸ್ಯಾಂಡ್‌ಪೇಪರ್ ಅಂಟಿಸಿ ತಳವನ್ನ ಮಾತ್ರ ಸೀದಾ ಉಜ್ಜಿ, ಮ್ಯಾಲಿನ ಮುಖ ಮುಟ್ಟಬ್ಯಾಡ್ರಿ. ಗೆರೆಗಿಂತ ಒಂಚೂರು ಮೊದ್ಲೇ ನಿಲ್ಸಿ ಹಾಕಿ ನೋಡ್ರಿ, ಉಜ್ಜಿದ್ದು ವಾಪಸ್ ಬರಲ್ಲ. ಮಳೆಗಾಲದಲ್ಲಂತೂ ಉಜ್ಜಲೇಬ್ಯಾಡ್ರಿ, ಇಲ್ಲಾ ಇನ್ನೊಂದು ಸ್ಯಾಡಲ್ ತಂದು ಅದನ್ನ ಉಜ್ಜಿ ಮಳೆಗಾಲಕ್ಕೊಂದು ಬೇಸಿಗೆಗೊಂದು ಅಂತ ಇಟ್ಕೊಳ್ರಿ, ನಾನು ಹಂಗೇ ಮಾಡಿರೋದು.

ಹೆಡ್‌ಸ್ಟಾಕ್ ಬುಡದ ನಟ್ಟಿನ ಎತ್ತರ ನೋಡೋದಕ್ಕೆ ಎರಡು ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಒಂದನೇ ಫ್ರೆಟ್ ಮ್ಯಾಲೆ ಸಂದು ನೋಡ್ರಿ, ಕೂದಲಷ್ಟು ಇದ್ರೆ ಸಾಕು. ಜಾಸ್ತಿ ಇದ್ರೂ ಗಾಡಿ ಕೊರೆಯೋ ಕೆಲಸ ಮನೇಲಿ ಬ್ಯಾಡ, ಅದಕ್ಕೆ ಬೇರೆ ಅರಗಳೇ ಬೇಕು.

ಇನ್ನೊಂದು ಮಾತು, 12 ಸೆಟ್ಟಿಂದ 11ಕ್ಕೆ ಅಥವಾ 10ಕ್ಕೆ ಹೋದ್ರೆ ಎಳೆತ ಕಮ್ಮಿ ಆಗ್ತೈತೆ, ಅದೇ ರಾಡ್ ಈಗ ಗೆದ್ದು ನೆಕ್ಕನ್ನ ಹಿಂದಕ್ಕೆ ತಳ್ತೈತೆ, ಬಜ್ ಬಂದ್ರೆ ತಂತಿ ಬೈಬ್ಯಾಡ್ರಿ, ಎರಡು ದಿನ ಬಿಟ್ಟು ಅಳೀರಿ, ಎಂಟನೇ ಭಾಗ ಲೂಸ್ ಮಾಡಿದ್ರೆ ಬಹುಶಃ ಮುಗೀತು. ವರ್ಷಕ್ಕೆ ಎರಡು ಸಲ, ಯುಗಾದಿ ಆಸುಪಾಸು ಒಂದು, ಮಳೆ ಹಿಡಿದ ಮೇಲೆ ಒಂದು, ಅಳೆದು ನೋಡಿದ್ರೆ ಸಾಕು. ಅಳೆದಾಗೆಲ್ಲಾ ತಿರುವಲೇಬೇಕು ಅಂತೇನಿಲ್ಲ.

ಆ ಹುಡುಗನ ಗಿಟಾರ್ ಏನಾಯ್ತು ಅಂದ್ರೆ, ಟೀ ಆದ ಮೇಲೆ ಅವನ ಕೈಲೇ ಅಳೆಸ್ದೆ. ಏಳನೇ ಫ್ರೆಟ್ಟಲ್ಲಿ 0.20 ಎಲೆ ಚಂದ ಕೂತ್ಕೊಂತು. 12ನೇ ಫ್ರೆಟ್ಟಲ್ಲಿ ದಪ್ಪ ತಂತಿ 3.2 ಎಂಎಂ. ಬ್ರಿಡ್ಜ್ ಹಿಂದೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ರೆ ಎರಡು ಕಡೆ ತುದಿ ಕೆಳಗೆ ಬೆಳಕು ಕಾಣ್ತಿತ್ತು, ಹೊಟ್ಟೆ ಉಬ್ಬಿತ್ತು. ಟಾಪಿಗೆ ಹುಟ್ಟಾ ಒಂಚೂರು ಉಬ್ಬು ಇರ್ತೈತೆ, ಇದು ಅದಕ್ಕಿಂತ ಜಾಸ್ತಿ. ರಾಡ್ ತಪ್ಪೇ ಇಲ್ಲ. ಅವನ ಮುಖ ಸಣ್ಣದಾಯ್ತು, ಕೀ ಹಿಡ್ಕೊಂಡು ಬಂದೋನಿಗೆ ಒಂದ್ಸಲನೂ ತಿರುವೋ ಚಾನ್ಸ್ ಸಿಗಲಿಲ್ಲ ಅಂತ. ಹಾಸ್ಟೆಲ್ ರೂಮಿನ ಹಸಿ ಗೋಡೆಗೆ ಒರಗಿಸಿ ಇಡ್ತಿದ್ನಂತೆ, ಕೇಸಿನಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮಂಚದ ಮ್ಯಾಲೆ ಮಲಗ್ಸು ಅಂದೆ, ಹಾಳೇಲಿ ತಾರೀಕು ಹಾಕಿ 0.20, 3.2, ಕೀ 4 ಎಂಎಂ ಅಂತ ಬರೆಸಿ ಕೇಸಿನ ಜೇಬಿಗೆ ಹಾಕ್ಸಿದೆ. ಅಕ್ಟೋಬರಲ್ಲಿ ಮೆಸೇಜ್ ಬಂತು, 2.6 ಅಂತ ಅಷ್ಟೇ, ಜೊತೆಗೆ ಸ್ಕೇಲ್ ಹಿಡಿದಿರೋ ಒಂದು ಮಬ್ಬು ಫೋಟೋ.